ಶಿವಪುತ್ರಪ್ಪನವರ ಯುವ ಪ್ರತಿಭೆ

ಭಾಗ್ಯಾ: ಮೂರು ವರ್ಷದಾಗ ನೀವು ನನ್ನ ಕೈಯಾಗ ಮೈಕ್ ಕೊಟ್ಟದ್ದು ಒಂದೇ ಸಲ ರೀ ಸರ್. ಅದೂ ಒರಸ್ಲಾಕ.

ಶಿವಪುತ್ರಪ್ಪ: ಒರಸೋದು ಅಂದ್ರ ಹಗುರ ಕೆಲಸ ಅಂತ ತಿಳದೀಯೇನು? ನಮ್ಮ ಗುರುಗಳು ನನಗ ಒರಸ್ಲಾಕೂ ಕೊಟ್ಟಿದ್ದಿಲ್ಲ. ದೂರ ನಿಂತು ಬರೇ ನೋಡ್ತಿದ್ದೆ.

ಭಾಗ್ಯಾ: ಹಂಗಾದ್ರ ನನ್ನ ಪ್ರಗತಿ ಭಾಳ ಆಗ್ಯಾದ ಅನ್ರಿ.

ಶಿವಪುತ್ರಪ್ಪ: ಆಗ್ಯಾದ ಅಂತೇ ನಾ ವರ್ಷಾ ವರ್ಷಾ ರಿಪೋರ್ಟ್ ಬರದು ಕೊಡ್ತೀನಿ. ನಿನ್ನ ಪ್ರಗತಿ ನಿನಗ ಗೊತ್ತಿಲ್ಲದಿದ್ರ ಅದಕ್ಕ ನಾ ಏನು ಮಾಡ್ಲಿ?

ಪುಣೆಯ ಹಡಪಸರದ ಎರಡು ಕೋಣೆಯ ಮನೆಯಲ್ಲಿ ಗುರುವಾರದ ಕ್ಲಾಸು ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಶಿವಪುತ್ರಪ್ಪನವರ ನಾಲ್ಕು ಕಹಳೆ ಸ್ಪೀಕರುಗಳು ಕಾಲು ಚಾಚಿ ಮಲಗಿದ್ದವು. ಮನುಷ್ಯರಿಗೆ ಅಲ್ಲಿ ಜಾಗವಿರಲಿಲ್ಲ. ಯಾದಗಿರಿ ಕಡೆಯಿಂದ ಹದಿನೆಂಟನೆಯ ವಯಸ್ಸಿಗೆ ಪುಣೆಗೆ ಬಂದ ಶಿವಪುತ್ರಪ್ಪನವರು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆದರೆ ಯಾರಾದರೂ ಕೆಲಸವೇನು ಎಂದು ಕೇಳಿದರೆ ಪಂಪಿನ ಮಾತು ಎತ್ತುತ್ತಿರಲಿಲ್ಲ. ‘ನಾ ಕಾಮೆಂಟೇಟರ್’ ಎನ್ನುತ್ತಿದ್ದರು. ಹಡಪಸರದಿಂದ ಸಾಸವಡದ ಮೇಲೆ ಹಾದು ಜೇಜುರಿಗೆ ಮುಟ್ಟುವ ಸೈಕಲ್ ರೇಸಿನ ಮೈಕು ಇಪ್ಪತ್ತಾರು ವರ್ಷಗಳಿಂದ ಅವರ ಕೈಯಲ್ಲಿತ್ತು. ಜೇಜುರಿಯಲ್ಲಿ ಮಲ್ಲಯ್ಯನ ದರ್ಶನಕ್ಕೆ ಬಂದ ಕರ್ನಾಟಕದ ಮಂದಿಯೇ ಅರ್ಧ ತುಂಬಿರುತ್ತಿದ್ದುದರಿಂದ ಅವರು ಒಂದು ವಾಕ್ಯ ಮರಾಠಿಯಲ್ಲೂ ಒಂದು ವಾಕ್ಯ ಕನ್ನಡದಲ್ಲೂ ಆಡಬೇಕಿತ್ತು. ಮರಾಠಿಯಲ್ಲಿ ಹೊಗಳಿ, ಅದೇ ಹೊಗಳಿಕೆಯನ್ನು ಕನ್ನಡಕ್ಕೆ ತರುವಷ್ಟರಲ್ಲಿ ರೇಸು ಮುಗಿದಿರುತ್ತಿತ್ತು.

ಮೂರು ವರ್ಷದ ಹಿಂದೆ ಸೈಕಲ್ ಕ್ಲಬ್ಬಿನವರಿಗೆ ಕಾಮೆಂಟರಿಯಲ್ಲಿ ಯುವ ಪ್ರತಿಭೆಗಳನ್ನು ಬೆಳೆಸಬೇಕೆಂಬ ಯೋಚನೆ ಬಂತು. ಯೋಜನೆಗೆ ಶಿವಪುತ್ರಪ್ಪನವರು ಸಂಚಾಲಕರಾದರು. ಪ್ರತಿಭೆ ಎಂದು ಹೆಸರು ಕೊಟ್ಟವಳು ಭಾಗ್ಯಾ ಒಬ್ಬಳೇ. ಟೈಲ್ಸ್ ಹಾಕುವ ತಾಯಪ್ಪನ ಮಗಳು, ಬಿ.ಕಾಂ. ಎರಡನೇ ವರ್ಷ. ಅದಕ್ಕೂ ಹಿಂದೆ ಎರಡು ವರ್ಷ ಸ್ವತಃ ರೇಸಿಗೆ ಇಳಿದವಳು. ದಿವೇ ಘಾಟಿನ ಇಳಿಜಾರಿನಲ್ಲಿ ಬಿದ್ದು ಭುಜದ ಎಲುಬು ಮುರಿದ ಮೇಲೆ ತಾಯಪ್ಪ ಸೈಕಲ್ಲಿಗೆ ಬೀಗ ಹಾಕಿ, ‘ತುಳಿಯೋದು ಸಾಕು, ಬೇಕಾದ್ರ ಅದರ ಬಗ್ಗಿ ಮಾತಾಡು’ ಎಂದು ಅಪ್ಪಣೆ ಕೊಟ್ಟಿದ್ದ. ಆ ಮಾತಾಡುವುದೊಂದು ಇನ್ನೂ ಶುರುವಾಗಿರಲಿಲ್ಲ.

ಭಾಗ್ಯಾ: ಮೊದಲ್ನೇ ವರ್ಷ ಗಂಟಲ ಆರೈಕಿ ಕಲಿಸಿದ್ರಿ. ಎರಡನೇ ವರ್ಷ ಮುಖ್ಯ ಅತಿಥಿ ಹೆಸರಿನ ಮುಂದ ಏನೇನು ಹಚ್ಚಬೇಕು ಅನ್ನೋದು. ಈ ವರ್ಷದ ಪಾಠ ಯಾವುದ್ರಿ?

ಶಿವಪುತ್ರಪ್ಪ: ಮೌನ. ಕಾಮೆಂಟರಿಯೊಳಗ ಎಲ್ಲಕ್ಕಿಂತ ಕಠಿಣ ಅದು.

ಭಾಗ್ಯಾ: ಅದರಾಗ ನೀವು ಪಾಸಾಗೀರೇನ್ರಿ?

ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದ ಸಕ್ಕುಬಾಯಿ ತಲೆ ಎತ್ತಲಿಲ್ಲ.

ಸಕ್ಕುಬಾಯಿ: ಅವರು ಆ ಪರೀಕ್ಷಾಕ್ಕ ಕೂತೇ ಇಲ್ಲವ್ವಾ. ಮದುವಿ ಆಗಿ ಮೂವತ್ತೆಂಟು ವರ್ಷದಿಂದ ಅವರ ಬದಲಿ ನಾನೇ ಕೂಡ್ಲಾಕತ್ತೀನಿ.

ಶಿವಪುತ್ರಪ್ಪ: ಕ್ಲಾಸ್ ನಡದಾಗ ಹೊರಗಿನವರು ಮಾತಾಡಬಾರದು.

ಸಕ್ಕುಬಾಯಿ: ಅಡಿಗಿಮನ್ಯಾಗ ಹೊರಗಿನವರು ಯಾರು ಅನ್ನೋದು ಮೊದಲ ನಿಕ್ಕಿ ಆಗ್ಲಿ.

ಭಾಗ್ಯಾ ಚೀಲದಿಂದ ಟಿಪ್ಪಣಿ ಬರೆದಿಟ್ಟ ವಹಿ ತೆಗೆದಳು. ಅವಳು ವಹಿ ತೆಗೆದಳೆಂದರೆ ಶಿವಪುತ್ರಪ್ಪನವರಿಗೆ ನೀರಡಿಕೆ ಆಗುತ್ತಿತ್ತು.

ಭಾಗ್ಯಾ: ಹೋದ ವರ್ಷದ ನಿಮ್ಮ ಕಾಮೆಂಟರಿ ರೆಕಾರ್ಡ್ ಪೂರಾ ಕೇಳೀನ್ರಿ ಸರ್. ನಲವತ್ತು ನಿಮಿಷ. ಅಷ್ಟರೊಳಗ ಹನ್ನೊಂದು ಸಲ ಮಿಂಚು ಬಂತು, ಏಳು ಸಲ ಬಿರುಗಾಳಿ, ನಾಕು ಸಲ ಸಿಂಹ. ಸೈಕಲ್ ಮ್ಯಾಲ ಮಾತ್ರ ಒಬ್ಬನೂ ಬರಲಿಲ್ಲ.

ಶಿವಪುತ್ರಪ್ಪ: ಸೈಕಲ್ ಎಲ್ಲಾರಿಗೂ ಕಾಣತಾವ. ಕಾಣೋದನ್ನ ಹೇಳ್ಲಾಕ ಕಾಮೆಂಟೇಟರ್ ಯಾಕ ಬೇಕು? ಕಾಣದ್ದನ್ನ ಹೇಳಬೇಕು.

ಭಾಗ್ಯಾ: ಅದನ್ನೂ ಹೇಳೀರಿ. ಲತೇಶ್ ಗುಂಪು ಬಿಟ್ಟು ಒಬ್ಬನೇ ಮುಂದ ಹೋದಾಗ ನಾ ನಿಮ್ಮ ಕಿವ್ಯಾಗ ‘ಬ್ರೇಕ್ ಆತ್ರಿ’ ಅಂದೆ. ನೀವು ಮೈಕಿನಾಗ ‘ಬ್ರೇಕ್ ಫೇಲ್ ಆಗಿದೆ, ಮಕ್ಕಳನ್ನು ರಸ್ತೆಯಿಂದ ಸರಿಸಿರಿ’ ಅಂದ್ರಿ. ಜನ ಅಂಗಡಿ ಒಳಗ ಹೊಕ್ಕರು.

ಶಿವಪುತ್ರಪ್ಪ: ಒಬ್ಬರಿಗರ ಗಾಯ ಆತೇನು?

ಭಾಗ್ಯಾ: ಇಲ್ರಿ.

ಶಿವಪುತ್ರಪ್ಪ: ಅದು ಯಾರ ಪುಣ್ಯ?

ಭಾಗ್ಯಾ: ಬ್ರೇಕ್ ಅಂದ್ರ ಗುಂಪಿನಿಂದ ಬ್ಯಾರೆ ಆಗಿ ಮುಂದ ಹೋಗೋದು ಸರ್.

ಶಿವಪುತ್ರಪ್ಪ: ಮುಂದ ಹೋಗ್ಲಾಕ ಬ್ರೇಕ್ ಅಂದ್ರ ನಿಲ್ಲಾಕ ಏನಂತೀರಿ, ಪೆಡಲ್ ಅಂತೀರೇನು? ಇಂಥಾ ಉಲ್ಟಾ ಭಾಷಾ ಕಲತು ಮೈಕ್ ಹಿಡೀತೀನಂತಿ.

ಅಷ್ಟರಲ್ಲಿ ಶಿವಪುತ್ರಪ್ಪನವರ ಮೊಬೈಲು ಹಾಡಿತು. ಕ್ಲಬ್ಬಿನ ಸೆಕ್ರೆಟರಿ ಜಗತಾಪರು. ಈಚೆಗೆ ಶಿವಪುತ್ರಪ್ಪನವರು ಮೊಬೈಲಿನ ಯಾವ ಗುಂಡಿ ಎಲ್ಲಿದೆಯೆಂದು ಅಂದಾಜಿನ ಮೇಲೆ ಒತ್ತುತ್ತಿದ್ದರು. ಹಾಗೆ ಒತ್ತಿದ್ದು ಸ್ಪೀಕರಿನ ಗುಂಡಿಯಾಗಿ ಜಗತಾಪರ ಮರಾಠಿ ಇಡೀ ಅಡುಗೆಮನೆಗೆ ಕೇಳಿತು. ಅವರು ಹೇಳಿದ್ದು ಇಷ್ಟು: ‘ಯುವ ಪ್ರತಿಭೆ ಸ್ವತಂತ್ರ ಕಾಮೆಂಟರಿಗೆ ಸಂಪೂರ್ಣ ಸಿದ್ಧ’ ಎಂದು ಶಿವಪುತ್ರಪ್ಪನವರು ಬರೆದ ರಿಪೋರ್ಟನ್ನು ಕಮಿಟಿ ಓದಿ ಬಹಳ ಸಂತೋಷಪಟ್ಟಿದೆ, ಭಾನುವಾರದ ರೇಸಿನ ಕೊನೆಯ ಐದು ಕಿಲೋಮೀಟರು ಹುಡುಗಿಯೇ ಮಾತಾಡಲಿ, ಜಿಲ್ಲಾ ಸೈಕಲ್ ಸಂಘದ ಇಬ್ಬರು ಕೇಳಲು ಬರುತ್ತಿದ್ದಾರೆ, ಮೆಚ್ಚಿದರೆ ಈ ಚಳಿಗಾಲದ ಏಳೂ ರೇಸುಗಳ ಮೈಕು ಅವಳಿಗೆ.

ಫೋನು ಇಟ್ಟ ಮೇಲೆ ರೊಟ್ಟಿ ಬಡಿಯುವ ಸದ್ದೂ ನಿಂತಿತು.

ಭಾಗ್ಯಾ: ನಾ ಸಂಪೂರ್ಣ ಸಿದ್ಧ ಆಗೀನಂತ ರೀ. ನನಗ ಒಂದು ಮಾತು ಹೇಳಬೇಕಿಲ್ಲೇನ್ರಿ?

ಶಿವಪುತ್ರಪ್ಪ: ರಿಪೋರ್ಟ್ ಬರಿಯೋ ಭಾಷಾನೇ ಬ್ಯಾರೆ. ಅದನ್ನ ಓದಿ ಯಾರರ ನಂಬ್ತಾರ ಅಂತ ನನಗೇನು ಗೊತ್ತು?

ಸಕ್ಕುಬಾಯಿ: ಮೂರು ವರ್ಷ ಸುಳ್ಳು ಬರದ್ರು, ಕಡೀಕ ಖರೇ ಆಗಿ ಮನಿಗೆ ಬಂತು ನೋಡು.

ಶಿವಪುತ್ರಪ್ಪ: ಕಡೀ ಐದು ಕಿಲೋಮೀಟರ್ ಅಂದ್ರ ಆಟ ಅಲ್ಲ. ಅಲ್ಲೇ ಕಾಮೆಂಟೇಟರ್ ಹುಟ್ತಾನ, ಅಲ್ಲೇ ಸಾಯ್ತಾನ.

ಭಾಗ್ಯಾ: ಹಂಗಾದ್ರ ಒಂದು ನಿಮಿಷ ಮಾಡಿ ತೋರಿಸ್ರಿ. ಕಲೀತೀನಿ.

ಅವಳು ತನ್ನ ಮೊಬೈಲಿನಲ್ಲಿ ಹಳೆಯ ರೇಸಿನ ವಿಡಿಯೋ ಹಚ್ಚಿ, ಸದ್ದು ತೆಗೆದು, ಗುರುಗಳ ಮುಂದೆ ಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಟ್ಟಳು. ಶಿವಪುತ್ರಪ್ಪನವರು ಗಂಟಲು ಸರಿಮಾಡಿಕೊಂಡರು. ಕಾಮೆಂಟರಿಗೆ ನಿಂತರೆ ಅವರ ಯಾದಗಿರಿ ಮಾತು ಮಾಯವಾಗಿ ಪುಸ್ತಕದ ಕನ್ನಡ ಬರುತ್ತಿತ್ತು.

ಶಿವಪುತ್ರಪ್ಪ: ಸಜ್ಜನರೇ, ನೋಡಿರಿ ಆ ಚಕ್ರದ ವೇಗವನ್ನು. ನಿಲ್ಲುವ ಮಾತಿಲ್ಲ, ದಣಿವಿನ ಹೆಸರಿಲ್ಲ. ಸುತ್ತಲೂ ಕಗ್ಗತ್ತಲಿದ್ದರೂ ಒಂದೇ ಗತಿ, ಒಂದೇ ಲಯ. ಹಿಂದೆಯೂ ಯಾರಿಲ್ಲ, ಮುಂದೆಯೂ ಯಾರಿಲ್ಲ. ಈ ಏಕಾಂಗಿ ವೀರನ ಏಕಾಗ್ರತೆಯಾದರೂ ಎಂಥದ್ದು.

ಭಾಗ್ಯಾ: ಸರ್.

ಶಿವಪುತ್ರಪ್ಪ: ನಡುವ ಮಾತಾಡಬ್ಯಾಡ. ಲಯ ಕೆಡತದ.

ಭಾಗ್ಯಾ: ವಿಡಿಯೋ ಇನ್ನೂ ಚಾಲೂ ಆಗಿಲ್ರಿ. ನೆಟ್ ಇಲ್ಲ. ಅದು ಬರೇ ಗುಂಡಗ ತಿರಗ್ಲಾಕತ್ತದ.

ಸಕ್ಕುಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಶಿವಪುತ್ರಪ್ಪನವರು ಒಂದು ಗುಟುಕು ನೀರು ಕುಡಿದರು.

ಶಿವಪುತ್ರಪ್ಪ: ಗೊತ್ತದ. ಏನೂ ಇಲ್ಲದ್ದರ ಮ್ಯಾಲ ಎಷ್ಟು ಮಾತಾಡಬಹುದು ಅಂತ ತೋರಿಸಿದೆ. ಇದು ಪಾಠ.

ಪಾಠ ಅದಾಗಿರಲಿಲ್ಲ. ಎರಡು ವರ್ಷದಿಂದ ಶಿವಪುತ್ರಪ್ಪನವರ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಹತ್ತು ಮಾರು ದೂರದ ಸೈಕಲ್ ಸವಾರ ಅವರಿಗೆ ಅಲುಗಾಡುವ ಬಣ್ಣದ ಮುದ್ದೆ, ಅಷ್ಟೆ. ಡಾಕ್ಟರು ಆಪರೇಶನ್ ಆಗಲೇಬೇಕೆಂದು ಎರಡು ಸಲ ತಾರೀಖು ಕೊಟ್ಟಿದ್ದರು; ಎರಡು ಸಲವೂ ಇವರು ಹೋಗಿರಲಿಲ್ಲ. ಆಪರೇಶನ್ ಅಂದರೆ ಸುದ್ದಿ ಹಬ್ಬುತ್ತದೆ, ಕಾಣದವನ ಕೈಗೆ ಮೈಕು ಯಾರು ಕೊಡುತ್ತಾರೆ ಎಂಬ ಅಂಜಿಕೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಕಾಮೆಂಟರಿಯಲ್ಲಿ ಮಿಂಚು, ಬಿರುಗಾಳಿ, ಸಿಂಹಗಳು ಹೆಚ್ಚಿದ್ದು ಆಗಿನಿಂದಲೇ. ಯಾರ ನಂಬರೂ ಕಾಣದಿದ್ದಾಗ ಸಿಂಹ ಎನ್ನುವುದು ಕ್ಷೇಮ. ಯಾವ ಸವಾರನೂ ತಾನಲ್ಲವೆಂದು ತಕರಾರು ತರುವುದಿಲ್ಲ.

ಭಾನುವಾರ ಬೆಳಿಗ್ಗೆ ಜೇಜುರಿಯ ಗುಡ್ಡದ ಬುಡದಲ್ಲಿ ಹಲಗೆಯ ವೇದಿಕೆ ಸಿದ್ಧವಾಯಿತು. ನಾಲ್ಕು ಕಹಳೆಗಳು ನಾಲ್ಕು ಕಂಬ ಏರಿದವು. ಭಕ್ತರು ಅರಿಶಿನದ ಭಂಡಾರ ಎರಚಿ ಎರಚಿ ಮೆಟ್ಟಿಲು, ಅಂಗಡಿ, ಮಂದಿಯ ತಲೆ ಎಲ್ಲವೂ ಹಳದಿಯಾಗಿದ್ದವು. ವೇದಿಕೆಯ ಮುಂದೆ ಸಂಘದ ಇಬ್ಬರು ಕುರ್ಚಿಯಲ್ಲಿ ಕೂತರು. ಹಿಂದೆ ಸಕ್ಕುಬಾಯಿ ರೊಟ್ಟಿಬುತ್ತಿ ಇಟ್ಟುಕೊಂಡು ಕೂತರು. ಭಾಗ್ಯಾ ಎಂಬತ್ತೆರಡು ಸವಾರರ ಹೆಸರು, ನಂಬರು ಬಾಯಿಪಾಠ ಮಾಡಿ ಬಂದಿದ್ದಳು. ಶಿವಪುತ್ರಪ್ಪನವರೂ ಒಂದು ಉಪಾಯ ಮಾಡಿ ಬಂದಿದ್ದರು. ಮೈಕು ಕೊಡುವ ಮೊದಲು ಪರಿಚಯ ಮಾಡಿಕೊಡಬೇಕಲ್ಲ. ಪರಿಚಯಕ್ಕೆ ಜಗತಾಪರು ಹೊತ್ತಿನ ಮಿತಿ ಹಾಕಿರಲಿಲ್ಲ.

ಶಿವಪುತ್ರಪ್ಪ (ಮೈಕಿನಲ್ಲಿ): ಸಜ್ಜನರೇ, ಯುವಕರಿಗೆ ಅವಕಾಶ ಕೊಡಬೇಕು. ಹಿರಿಯರು ಪಕ್ಕಕ್ಕೆ ಸರಿಯಬೇಕು. ಪಕ್ಕಕ್ಕೆ ಸರಿಯುವುದು ಹೇಗೆ ಎಂಬುದನ್ನು ನಾನೀಗ ನಾಲ್ಕು ಮಾತುಗಳಲ್ಲಿ ತಿಳಿಸುತ್ತೇನೆ.

ಅದನ್ನೇ ಮರಾಠಿಯಲ್ಲೂ ತಿಳಿಸಿದರು.

ಭಾಗ್ಯಾ (ಪಕ್ಕದಲ್ಲಿ, ಸಣ್ಣ ದನಿಯಲ್ಲಿ): ಸರ್, ಐದು ಕಿಲೋಮೀಟರ್ ಬೋರ್ಡ್ ದಾಟಿದ್ರಂತ. ಇಬ್ಬರು ಮುಂದ ಬಂದಾರಂತ. ಕೊಡ್ರಿ.

ಶಿವಪುತ್ರಪ್ಪ (ಮೈಕಿನಲ್ಲಿ): ಪ್ರತಿಭೆ ಎಂದರೆ ಏನು? ಅದು ಎಲ್ಲಿ ಹುಟ್ಟುತ್ತದೆ? ಈ ಹುಡುಗಿಯ ತಂದೆ ತಾಯಪ್ಪನವರು ಊರು ಬಿಟ್ಟು ಬಂದ ದಿನ ಮಳೆಯಿತ್ತೋ ಬಿಸಿಲಿತ್ತೋ ನಾವು ಅರಿಯೆವು.

ಭಾಗ್ಯಾ: ನಾಕು ಕಿಲೋಮೀಟರ್ ರೀ.

ಶಿವಪುತ್ರಪ್ಪ (ಮೈಕಿನಲ್ಲಿ): ಆದರೆ ಆಕೆ ಹುಟ್ಟಿದ ದಿನ ಮಾತ್ರ ಆಸ್ಪತ್ರೆಯ ಸುತ್ತ ಒಂದು ವಿಶೇಷ ಕಳೆಯಿತ್ತು.

ಭಾಗ್ಯಾ: ನೀವು ಅಲ್ಲಿ ಇದ್ರೇನ್ರಿ? ಮೂರು ಕಿಲೋಮೀಟರ್ ಉಳದಾದ. ನಾ ಇನ್ನೂ ಹುಟ್ಲಾಕತ್ತೀನಿ.

ಈ ಮಾತು ನಾಲ್ಕೂ ಕಹಳೆಗಳಲ್ಲಿ ಹೊರಟಿತು. ಮೆಟ್ಟಿಲ ಮೇಲಿನ ಕನ್ನಡದ ಮಂದಿ ನಕ್ಕರು. ಮರಾಠಿಯವರು ಪಕ್ಕದವರನ್ನು ಕೇಳಿ ತಿಳಿದುಕೊಂಡು ಎರಡನೇ ಕಂತಿನಲ್ಲಿ ನಕ್ಕರು.

ಶಿವಪುತ್ರಪ್ಪ: ಮೈಕಿನ ಹತ್ರ ಯಾಕ ಬಂದಿ?

ಭಾಗ್ಯಾ: ನಾ ಎಲ್ಲಿ ಬಂದೀನ್ರಿ? ನೀವೇ ಅದನ್ನ ಎದಿಗೆ ಅವಚಿಕೊಂಡು ನನ್ನ ಕಡೆ ತಿರಗೀರಿ.

ಶಿವಪುತ್ರಪ್ಪ: ಗುರುವಿನ ಜೋಡಿ ಹಿಂಗ ಮಾತಾಡೋದು?

ಭಾಗ್ಯಾ: ಮಾತಾಡೋದು ನೀವು ಕಲಿಸಿಲ್ಲಲ್ರಿ. ಮೌನ ಒಂದೇ ಕಲಿಸೀರಿ.

ಇನ್ನೊಂದು ಅಲೆ ನಗು. ಸಂಘದ ಇಬ್ಬರೂ ಕುರ್ಚಿಯಲ್ಲಿ ಮುಂದೆ ಬಾಗಿದರು. ಅಷ್ಟರಲ್ಲಿ ಜಗತಾಪರು ಏದುಸಿರು ಬಿಡುತ್ತ ವೇದಿಕೆಗೆ ಬಂದು ಸುದ್ದಿ ಹೇಳಿದರು: ಎರಡು ಕಿಲೋಮೀಟರು ಆಚೆ ಭಕ್ತರು ಖುಷಿಯಿಂದ ಮುಂದಿನ ಸವಾರರ ಮೇಲೆ ಬುಟ್ಟಿಗಟ್ಟಲೆ ಭಂಡಾರ ಸುರಿದಿದ್ದಾರೆ; ಅಂಗಿಯ ಬಣ್ಣ ಕಾಣುವುದಿಲ್ಲ, ನಂಬರು ಕಾಣುವುದಿಲ್ಲ, ಯಾರು ಯಾರೆಂದು ಯಾರಿಗೂ ತಿಳಿಯುತ್ತಿಲ್ಲ.

ಆ ಕ್ಷಣ ಶಿವಪುತ್ರಪ್ಪನವರಿಗೆ ಸಾಕ್ಷಾತ್ ಮಲ್ಲಯ್ಯನೇ ತಮ್ಮ ಬೆನ್ನಿಗೆ ನಿಂತಂತಾಯಿತು. ಇನ್ನು ಜೇಜುರಿಯಲ್ಲಿ ಅವರ ಕಣ್ಣಿಗೂ ಉಳಿದವರ ಕಣ್ಣಿಗೂ ಭೇದವಿಲ್ಲ. ಎರಡು ವರ್ಷದಿಂದ ಇಂಥದೊಂದು ರೇಸಿಗಾಗಿಯೇ ಅವರು ಕಾಯುತ್ತಿದ್ದಂತಿತ್ತು. ದೂರದಲ್ಲಿ ಮಂದಿ ಕೂಗಿದ್ದು ಕೇಳಿತು. ಏನೋ ಒಂದು ರಸ್ತೆಯ ನಡುವೆ ಬರುತ್ತಿರುವುದು ಮಸುಕಾಗಿ ತೋರಿತು. ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

ಶಿವಪುತ್ರಪ್ಪ (ಮೈಕಿನಲ್ಲಿ): ಬಂದನು ಸಜ್ಜನರೇ, ಬಂದನು. ಇಬ್ಬರಲ್ಲಿ ಒಬ್ಬನು ಎಲ್ಲರನ್ನೂ ಹಿಂದೆ ಹಾಕಿ ಬಂದೇ ಬಂದನು. ಏನು ನಿರಾಯಾಸ, ಏನು ಗಾಂಭೀರ್ಯ. ನಲವತ್ತು ಕಿಲೋಮೀಟರು ಕ್ರಮಿಸಿಯೂ ಕಾಲು ಅಲುಗಿಸುತ್ತಿರುವುದೇ ಕಾಣುವುದಿಲ್ಲ.

ಭಾಗ್ಯಾ: ಕಾಲು ಅಲುಗಸಂಗಿಲ್ಲ ಬಿಡ್ರಿ ಸರ್. ಅದು ಪೊಲೀಸರ ಮೋಟರ್‌ಸೈಕಲ್.

ಈ ಸಲದ ನಗು ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಏರಿತು. ದಾರಿ ಬಿಡಿಸಲು ರೇಸಿನ ಮುಂದೆ ಬಂದಿದ್ದ ಪೊಲೀಸಪ್ಪನೂ ನಕ್ಕು, ಗೆದ್ದವನಂತೆ ಒಂದು ಕೈ ಎತ್ತಿ ಹೋದನು. ಇಪ್ಪತ್ತಾರು ವರ್ಷದಲ್ಲಿ ಮಂದಿ ಅವರ ಮಾತಿಗೆ ಚಪ್ಪಾಳೆ ತಟ್ಟಿದ್ದುಂಟು, ಆಕಳಿಸಿದ್ದುಂಟು; ಹೀಗೆ ನಕ್ಕಿದ್ದಿಲ್ಲ. ನಗದೆ ಇದ್ದವಳು ಭಾಗ್ಯಾ ಒಬ್ಬಳೇ. ಅವಳು ಮೈಕಿನ ಮೇಲೆ ಅಂಗೈ ಮುಚ್ಚಿ ಅವರ ಮುಖ ನೋಡಿದಳು.

ಭಾಗ್ಯಾ: ಎಷ್ಟು ದಿನದಿಂದ ಕಾಣವಲ್ದು ರೀ ಸರ್?

ಶಿವಪುತ್ರಪ್ಪ: ಕಾಣವಲ್ದು ಅಂತ ಯಾರಂದ್ರು?

ಭಾಗ್ಯಾ: ಅದರ ಮ್ಯಾಲ ಕೆಂಪು ದೀಪ ಹತ್ತಿತ್ತು. ಸೈರನ್ ಭೊಂಗಾ ಹೊಡೀಲಾಕತ್ತಿತ್ತು.

ಶಿವಪುತ್ರಪ್ಪನವರು ದನಿ ತಗ್ಗಿಸಿದರು.

ಶಿವಪುತ್ರಪ್ಪ: ಎರಡು ವರ್ಷ ಆತು. ನಿಮ್ಮ ಕಾಕಿಗೆ ಹೇಳಬ್ಯಾಡ.

ಸಕ್ಕುಬಾಯಿ: ಕಾಕಿ ಇಲ್ಲೇ ಹಿಂದ ಕೂತಾಳ. ಹೋದ ತಿಂಗಳ ಬಾಜೂಮನಿ ಸಾಬವ್ವಗ ನೀವು ‘ಸಕ್ಕು, ಒಂದು ಕಪ್ ಚಾ ಮಾಡು’ ಅಂದ್ರಿ. ಪಾಪ, ಆಕಿ ಮಾಡಿ ಕೊಟ್ಟಳು. ಅವತ್ತಿನಿಂದ ನನಗ ಗೊತ್ತದ. ನೀವಾಗಿ ಹೇಳಲಿ ಅಂತ ಕಾಯ್ಕೋತ ಕೂತೀನಿ.

ಕೊನೆಯ ತಿರುವಿನ ಕಡೆಯಿಂದ ಕೂಗು ಜೋರಾಯಿತು. ಈ ಸಲ ನಿಜವಾಗಿ ಸೈಕಲ್ಲುಗಳು. ಶಿವಪುತ್ರಪ್ಪನವರಿಗೆ ಕಂಡದ್ದು ಹಳದಿಯೊಳಗೆ ಹಳದಿ. ಅವರು ಮೈಕನ್ನು ನೋಡಿದರು, ಹುಡುಗಿಯನ್ನು ನೋಡಿದರು. ಬೆರಳುಗಳಿಗೆ ಬಿಡುವ ಅಭ್ಯಾಸವಿರಲಿಲ್ಲ, ಒಂದೊಂದಾಗಿ ಬಿಟ್ಟವು.

ಶಿವಪುತ್ರಪ್ಪ: ತಗೋ. ಹೇಳು.

ಭಾಗ್ಯಾ ಮೈಕನ್ನು ಬಾಯಿಯ ಹತ್ತಿರ ತಂದಳು. ಪುಸ್ತಕದ ಕನ್ನಡ ಅವಳಿಗೆ ಬರಲೂ ಇಲ್ಲ, ಅವಳು ತರಲೂ ಇಲ್ಲ. ಕನ್ನಡದಲ್ಲಿ ಎರಡು ಮಾತು, ಮರಾಠಿಯಲ್ಲಿ ಎರಡು ಮಾತು, ಮನೆಯಲ್ಲಿ ಆಡುವ ಹಾಗೆ ಆಡುತ್ತ ಹೋದಳು.

ಭಾಗ್ಯಾ (ಮೈಕಿನಲ್ಲಿ): ಇಬ್ಬರು ಬಂದಾರ್ರಿ. ಮೈತುಂಬ ಭಂಡಾರ, ನಂಬರ್ ನನಗೂ ಕಾಣಂಗಿಲ್ಲ. ಆದ್ರ ಮುಂದಿನವನ ಬಲಗಾಲಿನ ಮೊಣಕಾಲು ನೋಡ್ರಿ. ಬಾಗಲಾ ತಗದಂಗ ಹೊರಗ ಹೋಗ್ತದ. ಈ ರೇಸಿನಾಗ ಹಂಗ ತುಳಿಯೋನು ಒಬ್ಬನೇ, ಲತೇಶ್, ಉಡುಪಿ ಹೊಟೇಲಿನವರ ಮಗ. ಅವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸ್ಕೊಂಡು ಬರೋನು ಕಿಶೋರ. ಕಿಶೋರ ತಲಿ ಕೆಳಗ ಹಾಕ್ಯಾನ. ಅಂವಾ ತಲಿ ಎತ್ತಿದಾ ಅಂದ್ರ ಆಗ ಓಟ ಕೀಳ್ತಾನ. ನಾ ರೇಸ್ ತುಳಿಯೋವಾಗ ಘಾಟಿನಾಗ ನನ್ನ ಹಿಂದ ಹಿಂಗೇ ಕೂತಿದ್ದ, ನನಗ ಗೊತ್ತದ. ಇನ್ನೂರು ಮೀಟರ್ ಉಳೀತು. ಇನ್ನೂ ಎತ್ತಿಲ್ಲ. ಲತೇಶ್ ಹಿಂದ ತಿರುಗಿ ನೋಡಿದ, ನೋಡಬಾರದಿತ್ತು. ನೂರು ಮೀಟರ್. ಎತ್ತಿದ. ಕಿಶೋರ ತಲಿ ಎತ್ತಿದ. ಎಡಕ್ಕ ಬಂದ, ಸರಿಸಮ ಆದ. ಲತೇಶನ ಮೊಣಕಾಲು ಸೋತದ ನೋಡ್ರಿ, ಬಾಗಲಾ ಈಗ ಅರ್ಧಾನೇ ತೆರಿಯಾಕತ್ತದ. ಕಿಶೋರ. ಅರ್ಧ ಗಾಲಿ. ಕಿಶೋರ ಗೆದ್ದಾನ್ರಿ.

ಆಮೇಲೆ ಎದ್ದ ಗದ್ದಲದಲ್ಲಿ ಶಿವಪುತ್ರಪ್ಪನವರು ಕಂಬ ಹಿಡಿದು ನಿಂತೇ ಇದ್ದರು. ಅವರ ಕಣ್ಣಿಗೆ ಬಿದ್ದದ್ದು ಎರಡು ಹಳದಿ ಮುದ್ದೆಗಳೇ. ಆದರೆ ಹೊರಗೆ ಚಾಚುವ ಆ ಮೊಣಕಾಲು ಅವರಿಗೆ ಕಂಡಿತ್ತು, ಎತ್ತಿದ ತಲೆ ಕಂಡಿತ್ತು, ಅರ್ಧ ಗಾಲಿ ಕಂಡಿತ್ತು. ಎರಡು ವರ್ಷದ ಮೇಲೆ ಮೊದಲ ಸಲ ಅವರು ಒಂದು ರೇಸು ನೋಡಿದ್ದರು.

ತೀರ್ಪುಗಾರರು ಒದ್ದೆ ಬಟ್ಟೆಯಿಂದ ಸವಾರರ ನಂಬರು ಉಜ್ಜಿ ನೋಡಿದರು. ಭಾಗ್ಯಾ ಹೇಳಿದ್ದೇ ಸರಿ. ಸಂಘದ ಇಬ್ಬರು ವೇದಿಕೆಗೆ ಬಂದು ಏಳೂ ರೇಸುಗಳ ಮೈಕು ಅವಳಿಗೆಂದು ಅಲ್ಲೇ ಹೇಳಿದರು. ಅಷ್ಟಕ್ಕೆ ಸುಮ್ಮನಿರದೆ, ಇವಳನ್ನು ತಯಾರು ಮಾಡಿದವರು ಯಾರು ಎಂದು ಕೇಳಿದರು. ಜಗತಾಪರು ಶಿವಪುತ್ರಪ್ಪನವರನ್ನು ಮುಂದೆ ತಳ್ಳಿ, ಮುಖ್ಯ ಅತಿಥಿಗೆಂದು ತಂದಿದ್ದ ಶಾಲನ್ನು ಅವರಿಗೆ ಹೊದಿಸಿದರು. ತರಬೇತಿಯ ಗುಟ್ಟೇನು ಎಂಬ ಪ್ರಶ್ನೆಯೂ ಬಂತು.

ಶಿವಪುತ್ರಪ್ಪ: ಗುಟ್ಟೇನಿಲ್ರಿ. ಮೂರು ವರ್ಷ ಬಾಯಿ ಬಿಡ್ಲಾಕ ಕೊಡಲಿಲ್ಲ. ಒಳಗ ಎಲ್ಲಾ ಕೂಡಿ ಬಿದ್ದಿತ್ತು, ಇವತ್ತು ಹೊರಗ ಬಂತು.

ಭಾಗ್ಯಾ ಅದನ್ನು ಮರಾಠಿಗೆ ಅನುವಾದಿಸಿದಳು, ಒಂದು ಅಕ್ಷರ ಬಿಡದೆ. ಜಗತಾಪರು ತರಬೇತಿಯ ಹೊಸ ವಿಧಾನವೆಂದು ಡೈರಿಯಲ್ಲಿ ಬರೆದುಕೊಂಡರು.

ಮಂದಿ ಚದುರಿದ ಮೇಲೆ ಮೂವರೂ ವೇದಿಕೆಯ ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಶಿವಪುತ್ರಪ್ಪನವರು ಶಾಲು ತೆಗೆದಿರಲಿಲ್ಲ. ಒಂದು ರೊಟ್ಟಿ ಮುಗಿಯುವ ತನಕ ಅವರು ಮಾತಾಡದಿದ್ದುದು ಕಂಡು ಸಕ್ಕುಬಾಯಿಗೆ ಗಾಬರಿಯಾಯಿತು.

ಸಕ್ಕುಬಾಯಿ: ಆರಾಮ ಇದ್ದೀರಿಲ್ಲೋ?

ಶಿವಪುತ್ರಪ್ಪ: ಡಾಕ್ಟರಿಗೆ ಫೋನ್ ಹಚ್ಚಬೇಕು. ಮಂಗಳವಾರ ಜಾಗಾ ಅದ ಅಂದಿದ್ರು. ಈ ಸಲ ಹೋಗಿ ಬಿಡ್ತೀನಿ.

ಭಾಗ್ಯಾ: ನಾನೂ ಬರ್ತೀನ್ರಿ ಸರ್. ಕಾಲೇಜಿಗೆ ರಜಾ ಹಾಕ್ತೀನಿ.

ಶಿವಪುತ್ರಪ್ಪ: ಆಪರೇಶನ್ ನಡದಾಗ ಪೇಶಂಟಿಗೆ ಎಚ್ಚರ ಇರ್ತದಂತ. ಅದರದೂ ಅಂಜಿಕಿ ನನಗ. ನಿನ್ನ ಒಳಗ ಬಿಡ್ತಾರೇನು ಕೇಳಿ ನೋಡು. ಡಾಕ್ಟರ್ ಏನೇನು ಮಾಡ್ಲಾಕತ್ತಾರ, ಎಲ್ಲೀತನ ಬಂತು, ಎಷ್ಟು ಉಳೀತು ಅಂತ ನೀ ಹೇಳ್ಕೋತ ಇದ್ರ ಧೈರ್ಯ ಇರ್ತದ.

ಭಾಗ್ಯಾ: ಕೇಳ್ತೀನ್ರಿ. ಬಿಟ್ಟರೂ ಬಿಡಬಹುದು. ಆದ್ರ ಒಂದು ಶರತ್ತು ಹಾಕ್ತಾರ.

ಶಿವಪುತ್ರಪ್ಪ: ಏನು?

ಭಾಗ್ಯಾ: ಪೇಶಂಟು ನಡುವ ಬಾಯಿ ಹಾಕಬಾರದು.